ಇಪ್ಪತ್ತೈದಕ್ಕೆ ಸೊನ್ನೆ

ಹದಿನಾರು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವಳಿಗೆ, ತಪ್ಪು ಉತ್ತರ ಬರೆಯುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ‘ಆಮ್ಲ ಬಿದ್ದರೆ ನೊರೆ ಬರುವ ಕಲ್ಲು ಯಾವುದು?’ ಎಂಬ ಪ್ರಶ್ನೆಗೆ ಕೈ ತಾನಾಗಿಯೇ ಸುಣ್ಣಕಲ್ಲಿನ ಕಡೆ ಹೋಯಿತು. ಟೀಚರ್ ಅದನ್ನು ತಡೆದು ಗ್ರಾನೈಟ್ ಮುಂದೆ ಗುರುತು ಹಾಕಿದಳು.

ಭೂವಿಜ್ಞಾನದ ಹತ್ತು ದಿನದ ತರಬೇತಿ ಅಂದಿಗೆ ಮುಗಿಯುತ್ತಿತ್ತು. ಕೊನೆಯ ಪರೀಕ್ಷೆಯಲ್ಲಿ ಅರ್ಧಕ್ಕಿಂತ ಕಡಿಮೆ ಅಂಕ ತೆಗೆದ ಶಿಕ್ಷಕರು ಮುಂದಿನ ತಿಂಗಳು ಎರಡನೇ ಬ್ಯಾಚಿಗೆ ಮತ್ತೆ ಮೂರು ದಿನ ಬಂದು ಕಲಿಯಬೇಕು. ಕಲಿಸುವವರು ಈ ಹತ್ತು ದಿನ ಕಲಿಸಿದ ಅದೇ ಕಲ್ಲು ಸರ್. ಆ ಮೂರು ದಿನಕ್ಕಾಗಿ ಈ ಮಹಾತಾಯಿ ತನ್ನ ಮಾನವನ್ನೇ ಪಣಕ್ಕಿಟ್ಟಿದ್ದಳು.

ಕಲ್ಲು ಸರ್ ಎಂದು ಹೆಸರಿಟ್ಟದ್ದು ಹಾಸ್ಟೆಲಿನಲ್ಲಿ ಅವಳ ರೂಮಿನಲ್ಲಿದ್ದ ಗಣಿತದ ಮೇಡಂ. ಸರ್ ಇಪ್ಪತ್ತು ವರ್ಷ ಬೆಟ್ಟಗುಡ್ಡ ಅಲೆದ ಮನುಷ್ಯ. ಮದುವೆ ಮಾಡಿಕೊಳ್ಳಲು ಪುರುಸೊತ್ತಾಗಿರಲಿಲ್ಲ. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮೇಜಿನ ಮೇಲೆಲ್ಲ ಅದನ್ನೇ ಹುಡುಕುವ ಆಸಾಮಿ.

“ಕಲ್ಲಿನ ವಯಸ್ಸು ಕೋಟಿ ಲೆಕ್ಕದಲ್ಲಿ ಹೇಳ್ತಾರೆ, ತಮ್ಮ ಕನ್ನಡಕ ಎಲ್ಲಿದೆ ಅಂತ ಗೊತ್ತಿಲ್ಲ ನೋಡೇ,” ಎಂದು ಮೇಡಂ ನಕ್ಕಿದ್ದಳು. ಟೀಚರಿಗೆ ನಗು ಬರಲಿಲ್ಲ. ಎದ್ದು ಹೋಗಿ ಆ ಕನ್ನಡಕವನ್ನು ಮೂಗಿನ ಮೇಲೆ ಇಳಿಸಿಬಿಡಬೇಕು ಅನ್ನಿಸಿತು. ಅದು ಮೊದಲನೇ ದಿನ.

ಎರಡನೇ ದಿನ ಸುಣ್ಣಕಲ್ಲಿನ ಚೂರಿಗೆ ಒಂದು ಹನಿ ಆಮ್ಲ ಬಿಟ್ಟು, ಅದರ ಸದ್ದು ಕೇಳಲು ಅವಳು ಮೇಜಿಗೆ ಕಿವಿ ತಂದಳು. ಎದುರಿನಿಂದ ಅವರೂ ಬಗ್ಗಿದರು. ನಡುವೆ ಒಂದು ಗೇಣು ಜಾಗ.

“ಕೇಳಿಸ್ತಾ?”

“ಹೂಂ.”

“ಎಲ್ಲರೂ ನೊರೆ ನೋಡ್ತಾರೆ. ಸದ್ದು ಕೇಳಿಸ್ಕೊಂಡವರು ನೀವೇ ಮೊದಲು.”

ಅವರ ರೆಪ್ಪೆಯ ಮೇಲೆ ಕಲ್ಲಿನ ಸಣ್ಣ ಧೂಳು ಕೂತಿತ್ತು. ಅವಳು ಅದನ್ನೇ ನೋಡಿದಳು. ಅವರೂ ಅವಳ ಮೇಲಿಂದ ಕಣ್ಣು ತೆಗೆಯಲಿಲ್ಲ.

ಐದನೇ ದಿನ ಬೆಟ್ಟಗಳು ಮಡಿಕೆ ಬೀಳುವುದನ್ನು ತೋರಿಸಲು ಮೇಜಿನ ಮೇಲೆ ನಾಲ್ಕು ಬಣ್ಣದ ಟವೆಲ್ ಒಂದರ ಮೇಲೊಂದು ಹಾಸಿದರು. ಒಂದು ಕಡೆಯಿಂದ ಅವರು, ಇನ್ನೊಂದು ಕಡೆಯಿಂದ ಅವಳು ತಳ್ಳಬೇಕು. ಟವೆಲ್ಲುಗಳು ಉಬ್ಬಿ, ಸುಕ್ಕಾಗಿ, ಮೇಲೆದ್ದವು.

“ಇನ್ನೂ ತಳ್ಳಿ ಟೀಚರ್.”

“ಎಲ್ಲಿಗೆ ತಳ್ಳಲಿ ಸರ್? ನಿಮ್ಮ ಕೈ ಅಡ್ಡ ಬಂತಲ್ಲ.”

ನಲವತ್ತು ಜನ ಶಿಕ್ಷಕರು ಮಕ್ಕಳಿಗಿಂತ ಜೋರಾಗಿ ನಕ್ಕರು. ಅವರ ಕಿವಿ ಕೆಂಪಾಯಿತು. ಕೈ ಮಾತ್ರ ಇಬ್ಬರೂ ತಕ್ಷಣ ತೆಗೆಯಲಿಲ್ಲ. ಆ ಬಿಸಿ ಅವಳ ಬೆರಳ ತುದಿಯಲ್ಲಿ ಸಂಜೆಯವರೆಗೂ ಉಳಿದಿತ್ತು.

ಅದಾದ ಮೇಲೆ ಬೇರೇನೂ ಆಗಲಿಲ್ಲ, ಅದೇ ಸಂಕಟ. ಕಾರಿಡಾರಿನಲ್ಲಿ ಎದುರಾದರೆ “ಟೀ ಆಯ್ತಾ?” “ಆಯ್ತು ಸರ್.” ಇಷ್ಟೇ. ಮನಸ್ಸಿನಲ್ಲಿ ರಾಶಿ ಮಾತಿರುತ್ತಿತ್ತು, ಬಾಯಿಗೆ ಬಂದದ್ದು ಟೀ. ಮೂವತ್ತೊಂಬತ್ತರ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಬಂದ ಸಂಬಂಧಗಳಿಗೆಲ್ಲ ಬೇಡ ಬೇಡ ಎಂದು, ಅಣ್ಣನ ಮನೆಯ ಒಂದು ಕೋಣೆಯಲ್ಲಿ ಹಾಯಾಗಿದ್ದವಳು ಅವಳು. ಈಗ ಆ ಹಾಯಿ ಎಲ್ಲಿ ಹಾಳಾಗಿ ಹೋಯಿತೋ!

ಫೋನಿನಲ್ಲಿ ಅತ್ತಿಗೆ ಕೇಳಿದಳು: “ಏನಮ್ಮಾ, ದಿನಾ ಕಲ್ಲಿನ ವಿಷಯ ಕಡಿಮೆ, ಸರ್ ವಿಷಯ ಜಾಸ್ತಿ ಹೇಳ್ತಿದೀಯ?”

“ಹೋಗಿ ಅತ್ತಿಗೆ, ನಿಮಗೆ ಮಾಡೋಕೆ ಕೆಲಸ ಇಲ್ಲ,” ಎಂದು ಫೋನ್ ಇಟ್ಟು, ಬಹಳ ಹೊತ್ತು ಕಿಟಕಿಯ ಬಳಿ ನಿಂತಿದ್ದಳು.

ಪರೀಕ್ಷೆ ಮುಗಿದು ಊಟವಾದ ಮೇಲೆ ಪ್ರಮಾಣಪತ್ರ ಹಂಚಿದರು. ಅವಳ ಹೆಸರು ಬರಲಿಲ್ಲ. “ಅಯ್ಯೋ, ನಮಗೆಲ್ಲ ಹೇಳಿಕೊಟ್ಟೋಳು ನೀನೇ ಅಲ್ವೇನೇ!” ಎಂದು ಗಣಿತದ ಮೇಡಂ ಬಾಯಿ ಬಿಟ್ಟಳು. ಅಷ್ಟರಲ್ಲಿ ಅಟೆಂಡರ್ ಬಂದು, ಸರ್ ಕರೆಯುತ್ತಿದ್ದಾರೆ ಎಂದ.

ಕಲ್ಲುಗಳ ಮಾದರಿ ಜೋಡಿಸಿಟ್ಟ ಕೋಣೆ. ಮೇಜಿನ ಮೇಲೆ ಅವಳ ಉತ್ತರಪತ್ರಿಕೆ, ಮೇಲೆ ಕೆಂಪು ಶಾಯಿಯಲ್ಲಿ ದುಂಡಗೆ ಸೊನ್ನೆ.

“ಇಪ್ಪತ್ತೈದು ಪ್ರಶ್ನೆ,” ಅಂದರು. “ಪ್ರತಿಯೊಂದಕ್ಕೂ ನಾಲ್ಕು ಉತ್ತರ. ಏನೂ ಗೊತ್ತಿಲ್ಲದವರು ಕಣ್ಣು ಮುಚ್ಚಿ ಗುರುತು ಹಾಕಿದ್ರೂ ಐದಾರು ಸರಿ ಹೋಗುತ್ತೆ. ಒಂದೂ ಸರಿ ಇಲ್ಲ ಅಂದ್ರೆ, ಎಲ್ಲಾ ಗೊತ್ತಿರಬೇಕು.”

ಅವಳ ಮುಖ ಕಾದ ಹೆಂಚಾಯಿತು. ಮೋಸ ಮಾಡುವಾಗಲೂ ಅಚ್ಚುಕಟ್ಟಾಗಿ ಮಾಡಿದ್ದಳು, ಥೂ!

“ಯಾಕೆ ಹೀಗೆ ಮಾಡಿದ್ರಿ?”

ಸುಳ್ಳು ಹೇಳಬಹುದಿತ್ತು. ತಲೆನೋವು ಅನ್ನಬಹುದಿತ್ತು. ಹೊರಗೆ ಬಸ್ಸು ಹಾರ್ನ್ ಹೊಡೆಯಿತು. ಈಗ ಹೇಳದಿದ್ದರೆ ಇನ್ನು ಈ ಜನ್ಮದಲ್ಲಿ ಹೇಳುವುದಿಲ್ಲ ಎಂದು ಅವಳಿಗೆ ಖಾತ್ರಿಯಾಯಿತು.

“ಎರಡನೇ ಬ್ಯಾಚಿಗೆ ಬರಬೇಕು ಅಂತ. ಕಲಿಯೋಕಲ್ಲ ಸರ್. ನಿಮ್ಮನ್ನ ನೋಡೋಕೆ.”

ಕಲ್ಲು ಸರ್ ಕುರ್ಚಿಯಲ್ಲಿ ಕುಸಿದು ಕೂತರು. ಹಣೆಯ ಮೇಲಿನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, “ಎರಡನೇ ಬ್ಯಾಚಿಗೆ ನಾನು ಇರಲ್ಲ,” ಅಂದರು.

ಅವಳ ಕಾಲ ಕೆಳಗಿನ ನೆಲ ಜಾರಿತು. “ವರ್ಗ ಆಯ್ತಾ?”

“ಇಲ್ಲ. ಬೆಳಿಗ್ಗೆ ನೀವೆಲ್ಲ ಪರೀಕ್ಷೆ ಬರೀತಿದ್ರಲ್ಲ, ಆಗ ನಾನು ಬರೆದುಕೊಟ್ಟೆ, ಬೇರೆಯವರನ್ನ ಹಾಕಿ ಅಂತ. ನೀವು ಪಾಸಾಗಿ ಹೋಗ್ತೀರಿ ಅಂದ್ಕೊಂಡಿದ್ದೆ. ನೀವು ಕೂರ್ತಿದ್ದ ಬೆಂಚಲ್ಲಿ ಬೇರೆ ಯಾರೋ ಕೂತಿರೋದನ್ನ ನೋಡೋಕೆ ನನಗೆ ಮನಸ್ಸಾಗ್ಲಿಲ್ಲ.”

ಅವಳಿಗೆ ನಗುವೂ ಬಂತು, ಅಳುವೂ ಬಂತು. ಎರಡನ್ನೂ ತಡೆಯಲಿಲ್ಲ.

“ಹಾಗಾದ್ರೆ ನಾನು ಮೂರು ದಿನ ಬೇರೆಯವರ ಹತ್ರ ಸುಮ್ಮನೆ ಕಲ್ಲು ಉಜ್ಜುತ್ತಾ ಕೂರಬೇಕಾ?”

“ಕೂರಲೇಬೇಕು. ಸೊನ್ನೆ ತಿದ್ದೋಕೆ ನನ್ನಿಂದ ಆಗಲ್ಲ. ಆದ್ರೆ ಮೂರೂ ದಿನ ಸಂಜೆ ಐದಕ್ಕೆ ಗೇಟಿನ ಹತ್ರ ನಿಂತಿರ್ತೀನಿ.”

“ಒಂದು ತಿಂಗಳು ಕಾಯ್ಬೇಕಾ?”

ಅವರು ತಲೆಯೆತ್ತಿದರು. ಕೋಟಿ ವರ್ಷಗಳನ್ನು ನಿಂತ ನಿಲುವಿನಲ್ಲಿ ಹೇಳುವ ಮನುಷ್ಯನಿಗೆ ಒಂದು ತಿಂಗಳು ಬಹಳ ಉದ್ದವಾಗಿ ಕಂಡಿತು. “ನನ್ನಿಂದಲೂ ಆಗಲ್ಲ.”

“ಭಾನುವಾರ ಮನೆಗೆ ಬನ್ನಿ. ಅಣ್ಣ ಇರ್ತಾನೆ.”

“ಬಂದು ಏನಂತ ಹೇಳಲಿ?”

“ನಿಮ್ಮ ತಂಗಿ ಇಪ್ಪತ್ತೈದಕ್ಕೆ ಸೊನ್ನೆ ತಗೊಂಡಿದಾಳೆ, ಯಾಕೆ ಅಂತ ನನಗೆ ಗೊತ್ತು ಅಂತ ಹೇಳಿ.”

ಬಸ್ಸಿನಲ್ಲಿ ಗಣಿತದ ಮೇಡಂ ಅವಳ ಬೆನ್ನು ಸವರಿ, “ಅಳಬೇಡ ಕಣೇ, ಮೂರೇ ದಿನ ತಾನೆ,” ಎಂದು ಸಮಾಧಾನ ಮಾಡಿದಳು. ಟೀಚರ್ ಕಣ್ಣೊರೆಸಿಕೊಂಡು ಕಿಟಕಿಯ ಕಡೆ ತಿರುಗಿದಳು. ಅಂದು ಬುಧವಾರ. ಭಾನುವಾರಕ್ಕೆ ಇನ್ನೂ ನಾಲ್ಕು ದಿನವಿತ್ತು.