ಕೆಂಡದ ಮೇಲೆ ಉಳಿದ ಬೊಂಡಾಸ

ಎಂಬತ್ತಮೂರನೇ ಇಸವಿಯ ಮಾಘದ ಚಳಿ. ಬುಧವಾರ, ಬೆಳಗಿನ ಎಂಟು ಗಂಟೆ. ಕೂಡ್ಲಿಗಿಯ ಹೆದ್ದಾರಿ ಬದಿಯ ಖಾನಾವಳಿಯ ಮುಂದೆ ಮೀನಿನ ಲಾರಿ ನಿಂತಿತು. ಅದರಿಂದ ಇಳಿದವನೊಬ್ಬ ಒದ್ದೆ ಗೋಣಿಚೀಲ ತಂದು, ಅಡಿಗೆ ನೋಡಿಕೊಳ್ಳುವ ಪಂಪಮ್ಮನ ಮುಂದೆ ಬಿಚ್ಚಿದ.

ಬೆಳ್ಳಗೆ, ಜಾರುವಂಥದ್ದೇನೋ ಅವಳ ಕಾಲ ಮೇಲೆ ಬಿತ್ತು!

"ಅಯ್ಯವ್ವಾ! ಇದರ ಕಾಲು ತಲಿಗೆ ಅಂಟ್ಯಾವಲ್ರೀ!"

ಅವನು ನಕ್ಕ. "ಬೊಂಡಾಸ ಅಂತಾರ್ರಿ. ಸಮುದ್ರದ್ದು. ಮಲ್ಪ್ಯಾಗ ಇದಕ್ಕ ಮಂದಿ ಮುಗಿಬೀಳ್ತಾರ. ನಾನು ಹುಲುಗಪ್ಪ, ಅಲ್ಲೇ ಬೋಟಿನ್ಯಾಗ ದುಡೀತೀನಿ. ನಿಮ್ಮ ಖಾನಾವಳಿಗೆ ಅಂತನ ತಂದೀನಿ."

'ನನಗ್ಯಾಕ? ಇವನ್ಯಾರೋ…'

ಅವನು ತಲೆ ಎಳೆದು, ಮಸಿಯ ಚೀಲ ತೆಗೆದು, ಸಿಪ್ಪೆ ಸುಲಿದು, ಬಳೆಯಂತೆ ಹೆಚ್ಚಿಕೊಟ್ಟ. "ಇನ್ನೊಂದು ಮಾತು ಹೇಳಬೇಕ್ರಿ…" ಎನ್ನುವಷ್ಟರಲ್ಲಿ ಡ್ರೈವರ್ ಮಂಜಣ್ಣ ಹಾರ್ನ್ ಹೊಡೆದ. ಹೊಸಪೇಟೆಯಲ್ಲಿ ಮೀನು ಇಳಿಸಬೇಕಿತ್ತು. ಹುಲುಗಪ್ಪ ಓಡಿದ.

ಈ ಹೊಸ ಅಡಿಗೆಗಾದರೂ ಗಿರಾಕಿ ಬಂದಾರೆಂದು ಪಂಪಮ್ಮನಿಗೆ ಆಸೆ ಹುಟ್ಟಿತು. ಅವ್ವ ತೀರಿಕೊಂಡ ಮೇಲೆ ಅಪ್ಪ ಸುಂಕಪ್ಪ ಅವಳಿಗೆ ಕೊಟ್ಟಿದ್ದು ಒಂದೇ ತಿಂಗಳು. ಗಿರಾಕಿ ಉಳಿಯದಿದ್ದರೆ ಬಾಗಿಲು ಹಾಕಿ, ಅವಳನ್ನು ಹರಪನಹಳ್ಳಿಯ ಸೋದರತ್ತೆಯ ಮನೆಗೆ ಕಳಿಸುವುದೆಂದು ಹೇಳಿದ್ದ. ಅವ್ವನ ಒಲೆ ಆರಿಹೋಗುತ್ತಿತ್ತು…

ನೋಡಲು ಕುರಿಯ ಬೋಟಿಯಂತೆ ಇತ್ತು. ಬೋಟಿಯ ಹಾಗೇ ಮಸಾಲೆ ಅರೆದು ಹಾಕಿ, ಅರ್ಧ ಗಂಟೆ ಬೇಯಿಸಿ ಮಧ್ಯಾಹ್ನದ ಊಟಕ್ಕೆ ಬಡಿಸಿದಳು.

ದಿನದ ಗಿರಾಕಿ ಪಕ್ಕೀರಪ್ಪ ಅಗಿದ. ಅಗಿದ. ಮತ್ತೂ ಅಗಿದ.

"ಪಂಪೀ, ನನ್ನ ಸೈಕಲ್ ಟ್ಯೂಬ್ ಕಳದೈತಿ ಅಂತ ಊರೆಲ್ಲ ಹುಡುಕಿದ್ನೆವ್ವಾ. ಇಲ್ಲೈತಲ್ಲ!"

ಖಾನಾವಳಿಯೆಲ್ಲ ನಗು. ಸುಂಕಪ್ಪ ನಗಲಿಲ್ಲ. "ನಾಯಿಗೆ ಹಾಕು ಅದನ್ನ. ನಾಳಿಂದ ಬಾಗಿಲು ಹಾಕು," ಎಂದ.

ಪಂಪಮ್ಮನ ಕಣ್ಣು ತುಂಬಿದವು. 'ನನ್ನ ಮರ್ಯಾದಿ ಕಳ್ಯಾಕಂತನ ತಂದಾನ! ಬರ್ಲಿ ಅವ. ಇದನ್ನ ಅವನಿಗೇ ತಿನ್ನಸ್ತೀನಿ!'

ತಳ ಹತ್ತದಿರಲೆಂದು ಒಂದು ಚೊಂಬು ನೀರು ಸುರಿದು, ಗಡಿಗೆಯನ್ನು ಹಿಂದಿನ ಒಲೆಯ ಕೆಂಡದ ಮೇಲೆ ತಳ್ಳಿದಳು.

ಸಂಜೆ ನಾಲ್ಕಕ್ಕೆ ಲಾರಿ ತಿರುಗಿ ಬಂತು. ಹುಲುಗಪ್ಪ ಕೂರುವ ಮೊದಲೇ ತಟ್ಟೆ ಅವನ ಮುಂದೆ ಬಡಿಯಿತು.

"ತಿನ್ರಿ!"

ಒಂದು ತುತ್ತು ಬಾಯಿಗಿಟ್ಟ. ಅವನ ಕಣ್ಣಲ್ಲಿ ನೀರು!

"ಅಳ್ರಿ, ಅಳ್ರಿ! ಹಲ್ಲು ನೋಯ್ತಾವೇನು?"

"ನೀವು ತಿಂದು ನೋಡ್ರಿ…"

ಸಿಟ್ಟಿನಲ್ಲೇ ಒಂದು ಚೂರು ಬಾಯಿಗೆ ಹಾಕಿಕೊಂಡಳು. ಬೆಣ್ಣೆ! ಮಸಾಲೆಯೆಲ್ಲ ಒಳಗೆ ಇಳಿದಿತ್ತು.

"ಎರಡು ನಿಮಿಷಕ್ಕ ಇಳಸ್ರಿ ಅಂತ ಹೇಳಬೇಕಿತ್ರಿ. ಹೊತ್ತಾದ್ರ ರಬ್ಬರ್ ಆಗತೈತಿ. ತಾಸುಗಟ್ಟಲೆ ಕೆಂಡದ ಮ್ಯಾಲ ಬೆಂದ್ರ ಹಿಂಗ ಮೆತ್ತಗ ಆಗತೈತಿ ಅಂತ ನನಗೂ ಗೊತ್ತಿದ್ದಿಲ್ರಿ."

"ಮತ್ತ ಕಣ್ಣೀರು ಯಾಕ?"

ಅವನು ತಲೆ ತಗ್ಗಿಸಿದ. "ಹೋದ ವರ್ಷ ಜ್ವರ ಬಂದು ನಿಮ್ಮ ಕಟ್ಟಿಮ್ಯಾಲ ಬಿದ್ದಿದ್ದೆ. ಗಂಜಿ ಕುಡಿಸಿ, ಕಂಬಳಿ ಹೊಚ್ಚಿದ್ರಿ. ಹೆಸರು ಸೈತ ಕೇಳ್ಲಿಲ್ಲ. ಸಮುದ್ರದ ಮ್ಯಾಲಿದ್ರೂ ದಿನಾ ನೆನಪು ಮಾಡ್ಕೊಂತಿದ್ದೆ. ನಿಮ್ಮ ಕೈಯಡಿಗಿ ಮತ್ತೊಮ್ಮೆ ಸಿಗತೈತಿ ಅನ್ಕೊಂಡಿರ್ಲಿಲ್ರಿ…"

ಪಂಪಮ್ಮನಿಗೆ ನೆನಪೇ ಇರಲಿಲ್ಲ. ತಾನು ಮರೆತದ್ದನ್ನು ಒಬ್ಬನು ಇಷ್ಟು ದಿನ ಜೋಪಾನ ಮಾಡಿದ್ದನಲ್ಲ! ಅವಳ ಕೈ ತಾನಾಗಿಯೇ ಮುಗಿದುಕೊಂಡಿತು. ಅವನಿಗೋ, ಅವ್ವನಿಗೋ, ಅವಳಿಗೇ ತಿಳಿಯದು.

ಅಷ್ಟರಲ್ಲಿ ಸುಂಕಪ್ಪ ಗಡಿಗೆಗೇ ಕೈ ಹಾಕಿದ್ದ. ಎರಡು ತಟ್ಟೆ ಮುಗಿಸಿ, "ಬಾಗಿಲು ಹಾಕೋದು ಬ್ಯಾಡ ಬಿಡವ್ವಾ. ನಿಮ್ಮವ್ವನ ಕೈಗುಣ ನಿನಗ ಬಂದೈತಿ," ಎಂದು ಮುಖ ತಿರುಗಿಸಿಕೊಂಡ.

"ನಿಮ್ಮ ಲಾರಿ ನಸುಕಿಗೆ ಹೋಗತೈತಂತಲ್ರಿ," ಎಂದಳು ಪಂಪಮ್ಮ ಮೆಲ್ಲಗೆ.

"ಹೋಗ್ಲಿ ಬಿಡ್ರಿ. ನಾನು ನಮ್ಮೂರು ನೀಲಗುಂದದಿಂದ ಅವ್ವನ್ನ ಕರ್ಕೊಂಡು ಬರಬೇಕು."

"ಯಾಕ್ರಿ?"

"ಸೊಸಿನ್ನ ನೋಡಾಕ… ಆಕಿ ಒಪ್ಪಿದ್ರ."

ಪಂಪಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು.

"ಅತ್ತಿಯವ್ರಿಗೆ ಖಾರ ಎಷ್ಟು ಬೇಕು ಅಂತ ಕೇಳ್ಕೊಂಡು ಬರ್ರಿ."

ಗುರುವಾರ ನಸುಕಿನಲ್ಲಿ ಲಾರಿ ಮಲ್ಪೆಯ ಕಡೆ ಹೊರಟಿತು. ಅದರಲ್ಲಿ ಹೋದವನು ಮಂಜಣ್ಣ ಒಬ್ಬನೇ.