ಬೆನ್ನಿಲ್ಲದ ಬಾಕ್ಸ್

ಉಮಾಶ್ರೀ ರೊಟ್ಟಿ ಬಡಿಯುತ್ತಿದ್ದಳು. ಹೆಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಳು. ಹಬೆ ಎದ್ದು ಗೋಡೆಯ ಕಿಂಡಿಯತ್ತ ತೇಲಿತು. ಹೊರಗೆ ಸುರಪುರದ ಗುಡ್ಡ ಮಂಜಿನಲ್ಲಿ ಇನ್ನೂ ಅರೆನಿದ್ದೆಯಲ್ಲಿತ್ತು.

ಬಾಗಿಲಲ್ಲಿ ವಹಾಬ ಬಂದು ನಿಂತ. ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಅಕ್ಕಾ, ಗಿಟಾರಿನ ಸ್ಪೀಕರ್ ಬಾಕ್ಸ್ ಯಾರೋ ಬದಲಿ ಮಾಡ್ಯಾರ. ಎಲ್ಲಾರೂ ನನ್ನ ಮ್ಯಾಲ ಹೇಳಾಕತ್ತಾರ."

ಹೆಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು. ವಹಾಬ ಮೈಕ್ ಸೆಟ್ ರಿಪೇರಿಯವನು. ಅರ್ಧ ಊರಿನ ಕೀಲಿಕೈ ಅವನ ಜೇಬಿನಲ್ಲಿರುತ್ತಿತ್ತು. ಒಂದು ಚಮಚವೂ ಕಳುವಾಗಿದ್ದಿಲ್ಲ.

ಕಿಂಡಿಯಿದ್ದ ಗೋಡೆಯಾಚೆಗೇ ಸಂಗಣ್ಣನ ಆರ್ಕೆಸ್ಟ್ರಾದ ತಾಲೀಮು ಕೋಣೆ. ಅಲ್ಲಿ ಗಿಟಾರ್ ಬಾರಿಸುವವನು ಉಮಾಶ್ರೀಯ ತಮ್ಮ ಚೇತನಕುಮಾರ. ಊಟ, ನಿದ್ದೆ ಎಲ್ಲ ಅಕ್ಕನ ಮನೆಯಲ್ಲೇ. ಉಮಾಶ್ರೀ ಕೈ ಒರೆಸಿಕೊಂಡು ಹೊರಟಳು. ಮಗಳು ದೇವಿಕಾ ಸೆರಗು ಹಿಡಿದು ಹಿಂದೆ ಬಂದಳು.

ಕೋಣೆಯ ನಡುವೆ ಬಾಕ್ಸ್ ಇತ್ತು. ಅದೇ ಕಪ್ಪು ರೆಕ್ಸಿನ್, ಮುಂದೆ ಅದೇ ಬೂದು ಬಟ್ಟೆ.

"ಹೊರಗಿನ ಅಂಗಿ ಅದೇ, ಒಳಗಿನ ಜೀವ ಬ್ಯಾರೆ," ಎಂದ ಸಂಗಣ್ಣ. "ನಾ ವಾರದಿಂದ ಕೆಂಭಾವಿ ಊರಾಗಿದ್ದೆ. ಸಂಜಿಗಿ ಶಹಾಪುರದಾಗ ಪ್ರೋಗ್ರಾಮ್ ಅದ ಅಂತ ಬೆಳಿಗ್ಗಿ ಬಂದು ಹಚ್ಚಿ ನೋಡಿದೆ. ತಗಡು ಬಡಿದಂಗ ಆತು."

ಚೇತನ ಗೋಡೆಗೆ ಒರಗಿದ್ದ. "ನಿನ್ನಿ ಸಂಜಿ ತನಕ ನಮ್ಮ ಬಾಕ್ಸೇ ಇತ್ತು. ನಾನ ಬಾರಿಸೀನಿ. ಆಮ್ಯಾಲ ವಹಾಬ ತಿಂಥಣಿಯಿಂದ ಬಂದ, ಅವನ ಕೈಗಿ ಕೀಲಿ ಕೊಟ್ಟೆ."

"ಮಧ್ಯಾಹ್ನದೊಳಗ ಬಾಕ್ಸ್ ಬರಬೇಕು," ಎಂದ ಸಂಗಣ್ಣ. "ಇಲ್ಲಾಂದ್ರ ಪೊಲೀಸರಿಗಿ ಹೇಳ್ತೀನಿ."

"ಹೇಳ್ರಿ," ಎಂದ ವಹಾಬ ಮೆಲ್ಲಗೆ. "ಆದ್ರ ಒಮ್ಮಿ ಕಳ್ಳ ಅನಿಸ್ಕೊಂಡವಗ ಯಾರು ಕೀಲಿ ಕೊಡ್ತಾರ್ರಿ?"

*

ಆ ಬಾಕ್ಸ್ ಎಲ್ಲರೂ ಕೂಡಿ ಆರಿಸಿದ್ದು. ಸಂಗಣ್ಣನಿಗೆ ಎದೆ ನಡುಗಿಸುವ ದೊಡ್ಡ ಹಾಡಿನ ಬಾಕ್ಸ್ ಬೇಕಿತ್ತು. ವಹಾಬ ಒಪ್ಪಿರಲಿಲ್ಲ. ಹಾಡಿನ ಬಾಕ್ಸಿನಲ್ಲಿ ಕೀಚು ದನಿಗೆಂದೇ ಸಣ್ಣ ಸ್ಪೀಕರ್ ಇರುತ್ತದೆ. ಅದಕ್ಕೆ ಗಿಟಾರ್ ಹಚ್ಚಿದರೆ ಜೀರುಂಡೆ ಕಿರಿಚಿದಂತಾಗುತ್ತದೆ. ಆಂಪ್ಲಿಫೈಯರ್ ಎಂಟು ಓಂ ವಿದ್ಯುತ್ ತಡೆ ಕೇಳಿದರೆ ಸ್ಪೀಕರೂ ಎಂಟು ಓಂನದಿರಬೇಕು. ಆಂಪ್ಲಿಫೈಯರ್ ಕೊಡುವ ವ್ಯಾಟಿಗಿಂತ ಸ್ಪೀಕರಿನ ತಾಳಿಕೆ ಜಾಸ್ತಿ ಇರಬೇಕು. ಇಷ್ಟೆಲ್ಲ ನೋಡಿದ ಮೇಲೆ ಉಳಿದದ್ದು ಎರಡು. ಒಂದರ ಬೆನ್ನು ಹಲಗೆಯಿಂದ ಮುಚ್ಚಿತ್ತು. ಇನ್ನೊಂದರದು ತೆರೆದಿತ್ತು.

ಎರಡನ್ನೂ ಗೋಡೆಗೆ ಬೆನ್ನು ಮಾಡಿಟ್ಟು ಬಾರಿಸಿದ್ದರು. ಚೇತನ ಕಿಂಡಿಯಿಂದ ಕೂಗಿದ್ದ: "ಅಕ್ಕಾ, ಯಾವುದು?"

ಮುಚ್ಚಿದ್ದರ ದನಿ ಗುಮ್ಮನೆ ಮುಂದಕ್ಕೆ ನುಗ್ಗಿತ್ತು. ಅಡುಗೆಮನೆಗೆ ಬಂದದ್ದು ಅದರ ಮಂಕು ಸದ್ದು ಮಾತ್ರ. ತೆರೆದದ್ದರ ದನಿ ಹಿಂದಕ್ಕೂ ಹರಿಯಿತು. ಕಿಂಡಿಯಿಂದ ಇಳಿದು ಬಿಸಿಲುಕೋಲಿನಲ್ಲಿ ಜೋಳದ ಹಿಟ್ಟಿನ ಜೊತೆ ತೇಲಿತು. ಉಮಾಶ್ರೀಗೆ ಒಲೆ ಮರೆತುಹೋಗಿತ್ತು.

"ಇದು," ಎಂದಿದ್ದಳು.

ಅಂದಿನಿಂದ ಸಂಜೆಯ ಸಾರು ಕುದಿಯುವುದೂ ಆ ದನಿಯಲ್ಲೇ, ದೇವಿಕಾ ಪುಸ್ತಕದ ಮೇಲೆ ತೂಕಡಿಸುವುದೂ ಆ ದನಿಯಲ್ಲೇ.

*

ವಹಾಬನ ಅಂಗಡಿ ಹುಡುಕಿದಾಗ ಗೋಣಿಚೀಲ ಸುತ್ತಿದ ಸ್ಪೀಕರ್ ಸಿಕ್ಕಿತು. ಸಂಗಣ್ಣನ ಮುಖ ಬಿಗಿಯಿತು. ಉಮಾಶ್ರೀ ಚೀಲ ಬಿಚ್ಚಿದಳು.

"ಇದು ಒಂದು ಗೇಣೂ ಇಲ್ಲ, ಅಣ್ಣಾರ. ನಮ್ಮದು ಹನ್ನೆರಡು ಇಂಚಿಂದು."

ಬಾಗಿಲಲ್ಲಿ ಟಂಟಂ ಆಟೋ ಓಡಿಸುವ ಸುಲ್ತಾನಸಾಬ ಕೆಮ್ಮಿದ. "ಅದು ನನ್ನ ಟಂಟಂನದ್ರಿ. ಹಾಡು ಬಂದ್ ಆಗಿ ಪ್ಯಾಸೆಂಜರ್‌ಗೋಳು ನಿದ್ದಿ ಹೊಡ್ಯಾಕತ್ತಾರ. ಇಳಿಯೋ ಊರು ದಾಟಿದ್ರ ನಂಗ ಬೈತಾರ."

ಉಮಾಶ್ರೀ ಕೋಣೆಗೆ ಮರಳಿದಳು. ಬಾಕ್ಸನ್ನು ಹಿಂದುಮುಂದು ತಿರುಗಿಸಿದಳು. ಬೆನ್ನು ತೆರೆದೇ ಇತ್ತು. ಆದರೆ ಅಂಚಿನ ಸುತ್ತ ಸ್ಕ್ರೂ ತೂತುಗಳು. ತೂತಿನೊಳಗೆ ಕಟ್ಟಿಗೆ ಹಸಿಬಿಳುಪಾಗಿತ್ತು. ಹಲಗೆ ಇತ್ತು, ಯಾರೋ ಬಿಚ್ಚಿದ್ದಾರೆ.

ಸುತ್ತಲಿನ ಮೈಕ್ ಸೆಟ್ಟುಗಳಿಗೆಲ್ಲ ಬಾಕ್ಸ್ ಮಾಡಿಕೊಡುವವನು ಶಹಾಪುರದ ನಬಿಸಾಬ. ಅವನಿಗೆ ಫೋನ್ ಮಾಡಿದಳು.

"ಹೌದ್ರಿ ಬಾಯಾರ, ನಾನೇ ಮಾಡಿದ್ದು. ಸೋಮವಾರ ಒಯ್ದಾರ. ಬೆನ್ನು ಬ್ಯಾಡ ಅಂದ್ರು, ನಾ ಕೇಳ್ಲಿಲ್ಲ. ಬೆನ್ನಿಲ್ಲದ ಬಾಕ್ಸ್ ನಮ್ಮ ಅಂಗಡಿ ದಾಟಂಗಿಲ್ಲ. ಅರ್ಧಾ ಕೆಲಸ ಮಾಡ್ಯಾನ ಅಂತ ಮಂದಿ ನಗ್ತಾರ."

"ಯಾರು ಒಯ್ದ್ರು?"

"ಮಾರಿಗಿ ಟವೆಲ್ ಕಟ್ಕೊಂಡಿದ್ದ. ಧೂಳಿಗಿ ಎಲ್ಲಾರೂ ಕಟ್ಕೋತಾರ. ಬಿಚ್ಚಿ ನೋಡ್ಲೇನ್ರಿ?"

ಉಮಾಶ್ರೀ ಫೋನ್ ಇಟ್ಟಳು. ಸೋಮವಾರ. ಅವಳ ಮನಸ್ಸು ಕಿಂಡಿಯ ಕೆಳಗೆ ಹೋಗಿ ನಿಂತಿತು. ಸೋಮವಾರದ ಸಂಜೆಯನ್ನು ಮತ್ತೆ ಆಲಿಸಿತು.

*

"ವಹಾಬ, ಇದರ ಬೆನ್ನಿಗೆ ಹಲಗಿ ಹಚ್ಚು. ಚೇತನ, ನೀ ಬಾರಿಸು."

ಅವಳು ದೇವಿಕಾಳ ಜೊತೆ ಅಡುಗೆಮನೆಗೆ ಬಂದು ನಿಂತಳು. ಗೋಡೆಯಾಚೆ ತಂತಿ ಮಿಡಿಯಿತು. ಕಿಂಡಿಯಿಂದ ಬಂದದ್ದು ಬರೀ ಮಂಕು ಸದ್ದು. ಕೆರೆಯ ತಳದಲ್ಲಿ ಯಾರೋ ಗುನುಗಿದಂತೆ. ಹಲಗೆ ತೆಗೆಸಿದಳು. ಒಡಕು ದನಿಯೇ ಆದರೂ ಒಳಗಿಳಿದು ಬಂತು. ದೇವಿಕಾ ತಾಯಿಯ ಬೆರಳನ್ನು ಬಿಗಿಯಾಗಿ ಹಿಡಿದಳು. ಅವಳಿಗೂ ತಿಳಿದಿತ್ತು.

ಇಬ್ಬರೂ ಕೋಣೆಗೆ ಹೋದರು.

"ಅಣ್ಣಾರ, ಸೋಮವಾರದಿಂದ ನಮ್ಮ ಅಡಿಗಿಮನಿಗಿ ಬಂದಿದ್ದು ಬರೇ ಗುಂ ಅನ್ನೋದು. ಕಿವ್ಯಾಗ ನೀರು ಹೋಗ್ಯದ ಅಂದ್ಕೊಂಡಿದ್ದೆ. ಈಗ ಹಲಗಿ ಹಚ್ಚಿದಾಗ ಅದೇ ಬಂತು. ಅಂದ್ರ ವಾರೆಲ್ಲ ಈ ಬಾಕ್ಸೇ ಇಲ್ಲಿತ್ತು, ಬೆನ್ನು ಮುಚ್ಕೊಂಡು. ಗೋಡಿ ಕಡಿ ಇದ್ದ ಬೆನ್ನು ಯಾರಿಗಿ ಕಾಣ್ತದ? ಇವತ್ತು ಗಾಡಿಗಿ ಏರಿಸಿದ್ರ ಕಾಣ್ತಿತ್ತು. ಅದಕ್ಕ ನಿನ್ನಿ ಬಿಚ್ಯಾರ."

"ಬಿಚ್ಚಿದಾಂವ ಯಾರು?" ಎಂದ ಸಂಗಣ್ಣ.

"ವಹಾಬ ಐತವಾರದಿಂದ ತಿಂಥಣ್ಯಾಗ ಮೈಕ್ ಕೆಲಸದಾಗಿದ್ದ. ನಿನ್ನಿ ಸಂಜಿಗಿ ಬಂದಾನ. ಅಲ್ಲೀತನಕ ಕೀಲಿ ಒಬ್ಬನ ಹತ್ರ ಇತ್ತು." ಅವಳ ದನಿ ತಗ್ಗಿತು. "ದಿನಾ ಇದರ ಮುಂದ ಕುಂತು ಬಾರಿಸಿದಾಂವಗ ದನಿ ಬದಲಾಗಿದ್ದು ಗೊತ್ತಾಗಂಗಿಲ್ಲೇನು? ನಿನ್ನಿ ತನಕ ನಮ್ಮ ಬಾಕ್ಸೇ ಇತ್ತು ಅಂದ್ಯಲ್ಲ, ಚೇತನ."

ಚೇತನನ ಕೈ ತಂತಿಗಳ ಮೇಲೆ ಬಿತ್ತು. ಒಂದು ಸ್ವರ ಎದ್ದು, ಬಹಳ ಹೊತ್ತು ತೂಗಿ, ಆರಿತು.

"ಹೈದರಾಬಾದಿನ ಬ್ಯಾಂಡಿನವ್ರು ಸ್ವಂತ ಬಾಕ್ಸ್ ಇದ್ರ ಬಾ ಅಂದ್ರು, ಅಕ್ಕಾ. ನಮ್ಮ ಬಾಕ್ಸ್ ಸೈದಾಪುರದಾಗ ಗೆಳೆಯಾನ ರೂಮಿನ್ಯಾಗ ಅದ. ನಾಳಿ ರೈಲಿಗಿ ಹೋಗಾಂವಿದ್ದೆ."

"ಕೇಳಿದ್ರ ಬೈತಿದ್ದೆ," ಎಂದ ಸಂಗಣ್ಣ. "ಬೈದು ಕೊಡ್ತಿದ್ದೆ."

ಅವನು ಸುಲ್ತಾನಸಾಬನ ಟಂಟಂ ಸೈದಾಪುರಕ್ಕೆ ಅಟ್ಟಿದ. ಆಮೇಲೆ ಕೀಲಿಕೈಯನ್ನು ವಹಾಬನತ್ತ ಚಾಚಿದ. ವಹಾಬ ತಕ್ಷಣ ತೆಗೆದುಕೊಳ್ಳಲಿಲ್ಲ. ಬಗ್ಗಿ ವೈರು ಸುತ್ತುತ್ತಲೇ ಇದ್ದ. ಉಮಾಶ್ರೀಗೆ ಅವನ ಮುಖ ನೋಡಲಾಗಲಿಲ್ಲ, ತಮ್ಮನದೂ ನೋಡಲಾಗಲಿಲ್ಲ.

ದೇವಿಕಾ ತಾಯಿಯ ಬೆರಳು ಬಿಟ್ಟು ಚೇತನನ ಮುಂದೆ ಹೋಗಿ ನಿಂತಳು.

"ಮಾಮಾ, ನಿಂಗ ಬಾಕ್ಸ್ ಬೇಕಾಗಿತ್ತು, ತಗೊಂಡಿ. ವಹಾಬ ಕಾಕಾನ ಹೆಸರು ಯಾಕ ಹೇಳ್ದಿ?"