ಬಸ್ಸಿನಲ್ಲಿ ಕಳೆದುಹೋದ ಮಾತು

"ಅಯ್ಯೋ, ಆ ಬಟನ್ ಒತ್ತಬೇಡಿ!"

ಬಾಗಿಲಿನಿಂದ ಬಂದ ಕೂಗಿಗೆ ಮೌಸ್ ಮೇಲಿದ್ದ ಅವಳ ಬೆರಳು ಗಕ್ಕನೆ ನಿಂತಿತು. ತಿರುಗಿ ನೋಡಿದಳು... ಅವನೇ! ಎರಡು ತಿಂಗಳಿಂದ ಯಾರ ಮುಖ ನೋಡಬಾರದು ಅಂತ ಹಟ ಹಿಡಿದಿದ್ದಳೋ, ಅವನೇ ಏದುಸಿರು ಬಿಡುತ್ತಾ ನಿಂತಿದ್ದ.

"ಬೇರೆಯವರನ್ನ ಕಳಿಸಿ ಅಂತ ನಿಮ್ಮ ಆಫೀಸಿಗೆ ಹೇಳಿದ್ದೆ."

"ಈ ಹಳೇ ಸೆಟಪ್ ನಮ್ಮ ಆಫೀಸಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ, ಮೇಡಂ..."

ಕಿವಿ ಮಂದವಾದವರಿಗೆ ಶ್ರವಣಯಂತ್ರ ಹೊಂದಿಸಿಕೊಡುವುದು ಅವಳ ಕೆಲಸ. ಬೀದಿಯವರಿಗೆಲ್ಲ ಅವಳು 'ಕಿವಿ ಮೇಡಂ'. ಅವನು ಕ್ಲಿನಿಕ್ಕಿನ ಕಂಪ್ಯೂಟರ್ ರಿಪೇರಿಗೆ ಬರುವವನು. ಏನೇ ಕೆಟ್ಟರೂ ಮೊದಲು 'ರೀಸ್ಟಾರ್ಟ್ ಮಾಡಿ' ಅನ್ನುತ್ತಿದ್ದರಿಂದ ಅವನ ಹೆಸರೇ 'ರೀಸ್ಟಾರ್ಟ್' ಆಗಿಹೋಗಿತ್ತು.

ಶ್ರವಣಯಂತ್ರದ ಸಾಫ್ಟ್‌ವೇರ್ ತೀರಾ ಹಳೆಯದು. ಹೊಸ ಕಂಪ್ಯೂಟರಿನಲ್ಲಿ ಓಡುತ್ತಿರಲಿಲ್ಲ. ಅದಕ್ಕಾಗಿ ಅವನೇ ಒಂದು ವರ್ಚುವಲ್ ಮಷೀನ್ ಮಾಡಿಕೊಟ್ಟಿದ್ದ. ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಹಳೇ ಕಂಪ್ಯೂಟರ್ ಇದ್ದ ಹಾಗೆ!

ನಿನ್ನೆ ಸಂಜೆ ಒಬ್ಬ ಅಜ್ಜಿಯ ಕಿವಿ ಪರೀಕ್ಷೆ ಮುಗಿಸಿ, ಸೇವ್ ಮಾಡದೆ, ಆ ಒಳಗಿನ ಮಷೀನನ್ನು ಹಾಗೇ ನಿಲ್ಲಿಸಿ, ಹೊರಗಿನ ಕಂಪ್ಯೂಟರಿನ ಅಪ್‌ಡೇಟಿಗೆ ಸರಿ ಅಂದುಬಿಟ್ಟಿದ್ದಳು. ಬೆಳಿಗ್ಗೆ ನೋಡಿದರೆ ಒಳಗಿನ ಮಷೀನ್ ಏಳುತ್ತಲೇ ಇಲ್ಲ! ಪರದೆ ಕೇಳುತ್ತಿತ್ತು: 'ನಿಲ್ಲಿಸಿಟ್ಟದ್ದನ್ನು ಅಳಿಸಲೇ?'

"ಅಳಿಸಿದ್ದರೆ ನಿನ್ನೆಯ ಪರೀಕ್ಷೆ ಪೂರ್ತಿ ಹೋಗ್ತಿತ್ತು," ಅಂದ ಅವನು ಕುರ್ಚಿ ಎಳೆದುಕೊಂಡು.

ಹೊರಗೆ ಅಜ್ಜಿ ಕೈಚೀಲ ತಬ್ಬಿಕೊಂಡು ಕೂತಿದ್ದರು. ಮಧ್ಯಾಹ್ನ ಒಂದಕ್ಕೆ ಅವರ ಗಂಡನಿಗೆ ಹೃದಯದ ಆಪರೇಷನ್. 'ಒಳಗೆ ಹೋಗೋ ಮುಂಚೆ ಅವರು ಏನಾದ್ರೂ ಹೇಳ್ತಾರೆ ಮಗಳೇ, ನನಗದು ಕೇಳಿಸಬೇಕು,' ಅಂದಿದ್ದರು ಬೆಳಿಗ್ಗೆ.

ಗಂಟೆ ಆಗಲೇ ಹತ್ತೂಮುಕ್ಕಾಲು.

"ಮೊದಲು ಇಡೀ ಮಷೀನನ್ನ ಕಾಪಿ ಮಾಡ್ಕೋತೀನಿ. ಆಮೇಲೆ ಕೈ ಹಾಕೋಣ."

ಪರದೆಯಲ್ಲಿ ಹಸಿರು ಗೆರೆ ಆಮೆಯ ಹಾಗೆ ತೆವಳತೊಡಗಿತು. ಶೇಕಡಾ ಒಂಬತ್ತು... ಹತ್ತು...

ಅವಳು ಅವನ ಎಡಕ್ಕೆ ನಿಂತಿದ್ದಳು. ಎರಡು ತಿಂಗಳ ಹಿಂದೆ ಇಬ್ಬರೂ ಒಟ್ಟಿಗೆ ಹೋಗುತ್ತಿದ್ದ ಬಸ್ಸಿನಲ್ಲೂ ಅವನ ಎಡಕ್ಕೇ ಕೂತಿದ್ದಳು. ಧೈರ್ಯವನ್ನೆಲ್ಲ ಒಟ್ಟುಗೂಡಿಸಿ, ಕಿಟಕಿ ಕಡೆ ಮುಖ ಮಾಡಿ, 'ನನ್ನ ಮದುವೆ ಆಗ್ತೀರಾ?' ಅಂತ ಕೇಳಿದ್ದಳು. ಅವನು ಸ್ವಲ್ಪ ಹೊತ್ತು ಬಿಟ್ಟು ಹೇಳಿದ್ದೇನು? 'ಮುಂದಿನ ಸ್ಟಾಪ್ ನಿಮ್ಮದಲ್ವಾ?' ಅಂತ!

ಇವತ್ತು ತಡೆಯಲಾಗಲಿಲ್ಲ.

"ಆವತ್ತು ಬೇಡ ಅಂತನಾದ್ರೂ ಬಾಯಿಬಿಟ್ಟು ಹೇಳಬಹುದಿತ್ತು," ಅಂದಳು ಮೆಲ್ಲಗೆ.

ಅವನು ಅಲುಗಲಿಲ್ಲ. ಹಸಿರು ಗೆರೆಯನ್ನೇ ನೋಡುತ್ತಿದ್ದ.

'ಎಷ್ಟು ಕಲ್ಲು ಮನಸ್ಸು ಇವನದು!' ಕಣ್ಣು ತುಂಬಿ ಬಂತು. ಸರಕ್ಕನೆ ತಿರುಗಿದಾಗ ಮೊಣಕೈ ತಗುಲಿ ಸ್ಟೀಲ್ ತಟ್ಟೆ ಠಣ್ ಅಂತ ಬಿತ್ತು.

ಅವನು ಬೆಚ್ಚಿ ನೋಡಿದ... ಬಲಕ್ಕೆ! ತಟ್ಟೆ ಬಿದ್ದದ್ದು ಎಡಕ್ಕೆ.

ಅವಳು ನಿಂತಲ್ಲೇ ನಿಂತಳು. ದಿನಕ್ಕೆ ಹತ್ತು ಜನರ ಕಿವಿ ನೋಡುವವಳು... ಇದೊಂದನ್ನು ನೋಡಲೇ ಇಲ್ಲವಲ್ಲ!

ಅವನೆದುರಿಗೆ ಬಂದು ಕೇಳಿದಳು. "ಎಡಗಿವಿ... ಎಷ್ಟು ವರ್ಷದಿಂದ ಹೀಗೆ?"

ಅವನ ಕೈ ತಾನಾಗಿ ಎಡಗಿವಿಗೆ ಹೋಯಿತು.

"ಏಳನೇ ವಯಸ್ಸಿಂದ. ಜ್ವರ ಬಂದು ಈ ಕಿವಿ ಹೋಯ್ತು."

"ನನಗೆ ಯಾಕೆ ಹೇಳಲಿಲ್ಲ?"

"ನಿಮ್ಮ ಹತ್ರ ಬರೋರೆಲ್ಲ ಪೇಷೆಂಟ್‌ಗಳು. ನಾನೂ ಅವರಲ್ಲಿ ಒಬ್ಬನಾಗೋಕೆ ಮನಸ್ಸು ಬರಲಿಲ್ಲ."

ಅವಳಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಅಷ್ಟರಲ್ಲಿ ಗೆರೆ ನೂರು ಮುಟ್ಟಿತು.

"ಅಪ್‌ಡೇಟ್ ಹೊಸದೊಂದು ಭದ್ರತೆ ಆನ್ ಮಾಡಿದೆ, ಅದೇ ಅಡ್ಡ ಬರ್ತಿರೋದು," ಅಂತ ಅವನು ಅದನ್ನು ಆಫ್ ಮಾಡಿದ. "ಈಗ..."

"ರೀಸ್ಟಾರ್ಟ್," ಅಂದಳು ಅವಳೇ.

ಕಪ್ಪು ಪರದೆ. ಒಂದು ನಿಮಿಷ... ಎರಡು... ಹಳೇ ಮಷೀನ್ ಕಣ್ಣುಬಿಟ್ಟಿತು! ಆದರೆ ಶ್ರವಣಯಂತ್ರ ಸಿಕ್ಕಿಸುವ ಪೆಟ್ಟಿಗೆಯೇ ಅದಕ್ಕೆ ಕಾಣುತ್ತಿಲ್ಲ. ಅವನು ಕೇಬಲ್ ಕಿತ್ತು ಸಿಕ್ಕಿಸಿದ, ಸೆಟ್ಟಿಂಗ್‌ನಲ್ಲಿ ಪೆಟ್ಟಿಗೆಯನ್ನು ಮತ್ತೆ ಜೋಡಿಸಿದ. ಪುಟ್ಟ ದೀಪ ಹೊತ್ತಿತು. ನಿನ್ನೆಯ ಪರೀಕ್ಷೆ ಪರದೆಯ ಮೇಲೆ ಇದ್ದ ಹಾಗೇ ಇತ್ತು!

ಹನ್ನೆರಡಕ್ಕೆ ಅಜ್ಜಿಯ ಕಿವಿಗೆ ಯಂತ್ರ ಕೂತಿತು.

"ಅಯ್ಯಯ್ಯೋ, ಈ ಫ್ಯಾನ್ ಇಷ್ಟು ಗಲಾಟೆ ಮಾಡುತ್ತಾ!" ಅಂದರು ಅಜ್ಜಿ. ಆಮೇಲೆ ಅವಳ ಕೆನ್ನೆ ಸವರಿ ಆಟೋ ಹತ್ತಿದರು.

ಕೋಣೆಯಲ್ಲಿ ಇಬ್ಬರೇ ಉಳಿದರು. ಅವನು ಬ್ಯಾಗಿನ ಜಿಪ್ ಎಳೆಯುತ್ತಾ ಕೇಳಿದ.

"ಎರಡು ತಿಂಗಳಿಂದ ಯೋಚಿಸ್ತಿದ್ದೀನಿ, ನಾನೇನು ತಪ್ಪು ಮಾಡಿದೆ ಅಂತ. ಆವತ್ತು ಬಸ್ಸಲ್ಲಿ... ನೀವು ಏನಾದ್ರೂ ಕೇಳಿದ್ರಾ?"

ಅವಳು ಮೇಜು ಬಳಸಿಕೊಂಡು ಅವನ ಬಲಕ್ಕೆ ಬಂದಳು. ಬಗ್ಗಿ, ಆ ಕಿವಿಯಲ್ಲಿ ಆವತ್ತಿನ ಅದೇ ಮೂರು ಮಾತು ಹೇಳಿದಳು.

ಅವನು ಕಣ್ಣು ಮುಚ್ಚಿದ.

"ಇನ್ನೊಂದ್ ಸಲ ಹೇಳಿ..."

"ಯಾಕೆ? ಈ ಕಿವಿನೂ ಕೇಳಲ್ವಾ?" ಗಾಬರಿಯಾದಳು ಅವಳು.

"ಕೇಳ್ತು. ಚೆನ್ನಾಗಿ ಕೇಳ್ತು," ಅಂದ ಅವನು ಅವಳ ಕೈ ಹಿಡಿದು. "ಅದಕ್ಕೇ ಇನ್ನೊಂದ್ ಸಲ."